ಪುರಾಣದ ಕೊನೆಯ ಗರಿ

ಹೊಸನಗರ
೨೧ ಏಪ್ರಿಲ್ ೧೯೬೩

ಪ್ರೀತಿಯ ಮಹಾಲಕ್ಷ್ಮಿಗೆ ಅಮ್ಮನ ಆಶೀರ್ವಾದಗಳು.

ಧಾರವಾಡದ ಬಿಸಿಲಿಗೆ ನಿನ್ನ ತಲೆನೋವು ಹೆಚ್ಚಿಲ್ಲವಷ್ಟೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿರುವೆಯಾ? ನಾನು ಕ್ಷೇಮ; ಮೊಣಕಾಲು ಮಾತ್ರ ನನ್ನ ಮಾತನ್ನು ಕೇಳುವುದಿಲ್ಲ.

ಇನ್ನು ಸುದ್ದಿ. ಗರಿ ಕಳೆದಿಲ್ಲ, ನೆಮ್ಮದಿಯಾಗಿರು. ಹುಂಚದ ಚಂದ್ರಯ್ಯನವರು ನಿನ್ನ ಅಧ್ಯಯನಕ್ಕೆಂದು ನಂಬಿ ಕೊಟ್ಟ ತಾಳೆಗರಿಯ ಪುರಾಣದಲ್ಲಿ ಕೊನೆಯ ಗರಿ ಕಾಣುತ್ತಿಲ್ಲ, ಅದು ನಿನ್ನ ಕೈಯಲ್ಲೇ ಕಳೆದಿರಬೇಕು, ಇಂಥವಳು ಜೈನಧರ್ಮವನ್ನು ಬೋಧಿಸಲು ಅರ್ಹಳಲ್ಲ, ಜೂನಿನಲ್ಲಿ ಕಾಲೇಜಿಗೆ ಸೇರುವುದಿಲ್ಲ ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ಎರಡು ದಿನ ನನಗೆ ಅನ್ನ ಸೇರಲಿಲ್ಲ. (ಆ ಪತ್ರದಲ್ಲಿ ಮೂರು ಕಡೆ ಕಾಗುಣಿತ ತಪ್ಪಿತ್ತು. ಅಳುತ್ತ ಬರೆದಿರಬೇಕೆಂದು ಕ್ಷಮಿಸಿದ್ದೇನೆ.) ಮೂರನೆಯ ದಿನ ಬಸ್ಸು ಹತ್ತಿ ಹುಂಚಕ್ಕೆ ಹೋದೆ.

ಬರಿಗೈಯಲ್ಲಿ ಹೋಗಬಾರದೆಂದು ಒಂದು ಸೀಸೆ ಜೇನುತುಪ್ಪವನ್ನು ಒಯ್ದಿದ್ದೆ. ಚಂದ್ರಯ್ಯನವರ ತಾಯಿ ಪದ್ಮಾವತಮ್ಮನವರು ಅದನ್ನು ಕಂಡದ್ದೇ, "ಏನ್ ಅಕ್ಕೋರೆ, ಮಗಳು ಕಾಲೇಜಲ್ಲಿ ಜೈನಧರ್ಮ ಕಲಿಸ್ತಾಳೆ, ತಾಯಿ ಜೇನು ಮುಟ್ಟದ ಜೈನರ ಮನೆಗೆ ಜೇನು ಹೊತ್ಕಂಡ್ ಬರ್ತಾರಾ!" ಎಂದರು. ನಾಚಿಕೆಯಿಂದ ಸೀಸೆಯನ್ನು ಚೀಲದೊಳಕ್ಕೆ ತುರುಕಿದೆ. ಬಳಿಕ ಚಂದ್ರಯ್ಯನವರಿಗೆ ಬಂದ ವಿಷಯವನ್ನು ಹೇಳುತ್ತಿದ್ದಂತೆ ಆಕೆ ಒಳಗೆ ಹೋಗಿ ಆ ಗರಿಯನ್ನೇ ತಂದರು! ಗ್ರಂಥವನ್ನು ಹೊರಗೆ ಕೊಡುವಾಗ ಕೊನೆಯ ಗರಿಯನ್ನು ದೇವರ ಮುಂದೆ ಉಳಿಸಿಕೊಳ್ಳುವುದು ಅವರ ಮನೆಯ ಪದ್ಧತಿಯಂತೆ. ಓದನ್ನು ಪೂರೈಸಬೇಕಾದವರು ಗ್ರಂಥದೊಡನೆ ಅಲ್ಲಿಗೇ ಮರಳಬೇಕು. ನಿನಗೆ ತಿಳಿದಿರುತ್ತದೆಂದುಕೊಂಡು ಚಂದ್ರಯ್ಯನವರು ಹೇಳಿರಲಿಲ್ಲ. "ಪೂರ್ತಿ ಕೊಟ್ರೆ ಯಾರ್ರೀ ತಿರುಗಿ ಬರ್ತಾರೆ? ಪುಸ್ತಕಾನೂ ಬರಲ್ಲ, ಹುಡುಗೀನೂ ಬರಲ್ಲ" ಎಂದರು ಪದ್ಮಾವತಮ್ಮ. ಹೊತ್ತು ಮುಳುಗುವ ಮುನ್ನವೇ ಊಟವನ್ನೂ ಬಡಿಸಿದರು. ಮೂರು ದಿನಗಳಲ್ಲಿ ಅಂದೇ ನಾನು ಹೊಟ್ಟೆತುಂಬ ಉಂಡದ್ದು.

ಶ್ರುತಪಂಚಮಿಯಂದು ಅವರು ಗ್ರಂಥಗಳನ್ನೆಲ್ಲ ಹೊರತೆಗೆದು, ಧೂಳೊರೆಸಿ, ಪೂಜಿಸಿ, ಹೊಸ ಬಟ್ಟೆಯಲ್ಲಿ ಕಟ್ಟುತ್ತಾರೆ. ಅಂದು ನೀನು ಬಂದು ಆ ಗರಿಯನ್ನು ಎಲ್ಲರ ಮುಂದೆ ಓದಿ ಅರ್ಥ ಹೇಳಬೇಕಂತೆ. ಹಳೆಯ ಲಿಪಿಯನ್ನು ಓದಬಲ್ಲವರು ಆ ಮನೆಯಲ್ಲಿ ಈಗ ಯಾರೂ ಉಳಿದಿಲ್ಲ. ಅರ್ಹತೆಯ ಪ್ರಶ್ನೆ ಅಲ್ಲಿಗೆ ಮುಗಿಯಿತೆಂದು ನನ್ನ ಅಭಿಪ್ರಾಯ. ಜೂನಿನಲ್ಲಿ ತಪ್ಪದೆ ಕೆಲಸಕ್ಕೆ ಸೇರು.

ನಿನಗೆ ಸಕಲ ಶ್ರೇಯಸ್ಸನ್ನು ಕೋರುವ,
ನಿನ್ನ ತಾಯಿ
ಮೂಕಾಂಬಿಕಾ

ಅವಸರದಲ್ಲಿ ಇನ್ನೊಂದು: ಮೇಲೆ ಒಂದು ಮಾತನ್ನು ಬರೆಯಲು ಕೈ ಬರಲಿಲ್ಲ. ಗರಿಯನ್ನು ಕಳೆದವಳು ನೀನಲ್ಲ, ನೀನು ರಜೆಗೆ ಬಂದಿದ್ದಾಗ ಕಟ್ಟನ್ನು ಬಿಚ್ಚಿ ನೋಡಿದ ನಾನೇ ಎಂದು ಚಂದ್ರಯ್ಯನವರಿಗೆ ಹೇಳಿದ್ದೆ. ಆ ಮಾತು ಮುಗಿಯುವ ಮೊದಲೇ ಗರಿ ನನ್ನ ಮುಂದಿತ್ತು. ಪದ್ಮಾವತಮ್ಮ ನನ್ನ ಕೈ ಹಿಡಿದು, "ಮೂವತ್ತೈದು ವರ್ಷ ಪಾಠ ಹೇಳಿದ್ರಿ ಅಕ್ಕೋರೆ, ಸುಳ್ಳು ಹೇಳೋದ್ ಮಾತ್ರ ಕಲೀಲಿಲ್ಲ" ಎಂದು ನಕ್ಕರು. ತರಗತಿಯಲ್ಲಿ ಸತ್ಯವ್ರತದ ಪಾಠ ಬಂದಾಗ ದಯವಿಟ್ಟು ನಿನ್ನ ತಾಯಿಯನ್ನು ಉದಾಹರಣೆಯಾಗಿ ಕೊಡಬೇಡ.