ಆಯಿಲ್‌ನಲ್ಲಿ ಕಂಡ ತಾಮ್ರ

ಮನೆಯಿಂದ,
ಹದಿನೆಂಟನೇ ತಾರೀಕು, ಗುರುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದ.

ಹೇಗಿದ್ದೀಯ ಮಗಳೇ? ಯಂತ್ರಗಳ ಕೆಳಗೆ ಮಲಗಿ ಕೆಲಸ ಮಾಡಿ ಬೆನ್ನು ಹಿಡಿದುಕೊಂಡಿತ್ತಂತೆ, ಈಗ ವಾಸಿಯೇ? ಗಣಿಯ ಧೂಳು ಒಳ್ಳೆಯದಲ್ಲ, ಮೂಗಿಗೆ ಬಟ್ಟೆ ಕಟ್ಟಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ಇಲ್ಲಿ ಅಮ್ಮನಿಗೆ ಮೊಣಕಾಲು ನೋವು. ನನ್ನ ಮೇಲೆ ರೇಗುವಾಗ ಮಾತ್ರ ಆ ನೋವು ಎಲ್ಲಿಗೆ ಹೋಗುತ್ತದೋ ದೇವರಿಗೇ ಗೊತ್ತು. ನಾನು ಚೆನ್ನಾಗಿದ್ದೇನೆ ಎಂದು ಬರೆದು ಹೊಡೆದುಹಾಕಿದ್ದು ನಿನಗೆ ಕಾಣುತ್ತಿರಬಹುದು. ಕಾಣಲಿ. ನಿನ್ನ ಹತ್ತಿರ ಸುಳ್ಳು ಬರೆಯಲು ಕೈ ಏಳಲಿಲ್ಲ.

ಹೋದ ವರ್ಷ ರಜೆಗೆ ಬಂದಾಗ ಒಂದು ಡಜನ್ ಪುಟ್ಟ ಬಾಟಲಿ ತಂದುಕೊಟ್ಟಿದ್ದೆಯಲ್ಲ, ಗಣಿಯ ಯಂತ್ರಗಳಿಗೆ ಮಾಡುವ ಹಾಗೆ ಲಾರಿಯ ಆಯಿಲ್ ತುಂಬಿಸಿ, ಒಳಗೆ ಏನು ಸವೆಯುತ್ತಿದೆ ಎಂದು ತಿಳಿಯಲು ಲ್ಯಾಬಿಗೆ ಕಳಿಸಲು. ಆಗ ನಾನು ನಕ್ಕಿದ್ದೆ. ಇಪ್ಪತ್ತೆರಡು ವರ್ಷದ ಗಾಡಿ, ಅದರ ನಾಡಿ ನನಗೆ ಗೊತ್ತಿಲ್ಲವೇ? ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡರೆ ಒಳಗಿನ ಕಾಯಿಲೆಯೆಲ್ಲ ಹೇಳಬಲ್ಲವನು ನಾನು. ಲಾರಿ ಸ್ಟ್ಯಾಂಡಿನಲ್ಲಿ ನನ್ನನ್ನು ಡಾಕ್ಟ್ರು ಎಂದು ಕರೆಯುವುದು ಸುಮ್ಮನೆ ಅಲ್ಲ. ಆದರೂ ನಿನ್ನ ಮನಸ್ಸು ನೋಯಿಸಬಾರದೆಂದು ನೀನು ಹೇಳಿದ ಹಾಗೇ ಮಾಡಿದೆ. ಪ್ರತಿ ಸಲ ಆಯಿಲ್ ಬದಲಾಯಿಸುವಾಗ ಎಂಜಿನ್ ಬಿಸಿ ಇರುವಾಗಲೇ ನಟ್ಟು ಬಿಚ್ಚಿ, ಅರ್ಧ ಹರಿದುಹೋಗುವವರೆಗೆ ಕಾದು, ನಡುವಿನ ಧಾರೆಗೆ ಬಾಟಲಿ ಹಿಡಿದೆ. ಓಡಿದ ಕಿಲೋಮೀಟರ್ ಬರೆದು ಅಂಟಿಸಿದೆ. ಮೊದಲ ಎರಡು ವರದಿಗಳಲ್ಲಿ ಏನೂ ಇರಲಿಲ್ಲ. ನೋಡಿದೆಯಾ, ನಾನು ಹೇಳಲಿಲ್ಲವಾ ಎಂದು ಅಮ್ಮನ ಮುಂದೆ ಮೀಸೆ ತಿರುವಿದ್ದೂ ಆಯಿತು.

ಮೂರನೆಯದು ಹೋದ ಶುಕ್ರವಾರ ಬಂತು. ಆಯಿಲ್‌ನಲ್ಲಿ ಹತ್ತು ಲಕ್ಷಕ್ಕೆ ಒಂಬತ್ತು ಪಾಲು ಇದ್ದ ಸೀಸ ನಲವತ್ತೊಂದಕ್ಕೆ ಏರಿತ್ತು. ಹದಿನೈದು ಇದ್ದ ತಾಮ್ರ ಐವತ್ತೆಂಟಾಗಿತ್ತು. ಧೂಳಿನ ಲೆಕ್ಕ ಮೂರೂವರೆ ಪಟ್ಟು. ಕೆಳಗೆ ದಪ್ಪ ಅಕ್ಷರದಲ್ಲಿ, ಬೇರಿಂಗ್ ಸವೆಯುತ್ತಿದೆ, ಗಾಳಿ ಹೋಗುವ ದಾರಿಯಲ್ಲಿ ಧೂಳು ಸೇರುತ್ತಿದೆ, ಕೂಡಲೇ ಬಿಚ್ಚಿ ನೋಡಿ ಎಂದಿತ್ತು. ಒಂದು ಸಲದ ಅಂಕಿ ನೋಡಿ ಹೆದರಬಾರದು, ಹಿಂದಿನದಕ್ಕೆ ಹೋಲಿಸಿ ನೋಡಬೇಕು ಎಂದು ನೀನೇ ಹೇಳಿದ್ದೆ. ಮೂರೂ ಕಾಗದಗಳನ್ನು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ನೋಡಿದೆ. ತಕ್ಷಣ ಹೋಗಿ ಗಾಡಿ ಸ್ಟಾರ್ಟ್ ಮಾಡಿ ಸ್ಕ್ರೂಡ್ರೈವರ್ ಇಟ್ಟು ಕೇಳಿದೆ. ಎಂಜಿನ್ ಜೇನುಗೂಡಿನ ಹಾಗೆ ಮೆತ್ತಗೆ ಗುಂಯ್ ಎನ್ನುತ್ತಿತ್ತು. ಇಷ್ಟು ಸವೆದಿದ್ದರೆ ಟಕಟಕ ಎನ್ನಬೇಕಲ್ಲವೇ? ಬಾಟಲಿ ಅದಲುಬದಲಾಗಿದೆ, ಯಾರದೋ ಗಾಡಿಯ ರೋಗ ನನ್ನ ಗಾಡಿಯ ತಲೆಗೆ ಕಟ್ಟಿದ್ದಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಶನಿವಾರವೂ ಭಾನುವಾರವೂ ಆ ಕಾಗದಗಳನ್ನು ಮತ್ತೆ ಮತ್ತೆ ತೆಗೆದು ನೋಡಿದೆ.

ಸೋಮವಾರ ಟೈಲ್ಸ್ ಲೋಡ್ ಇತ್ತು. ಒಪ್ಪಿಕೊಂಡ ಮಾತು, ಹೊರಟುಬಿಟ್ಟೆ. ದಾರಿಯುದ್ದಕ್ಕೂ ಕಣ್ಣು ಆಯಿಲ್ ಪ್ರೆಶರ್ ಮುಳ್ಳಿನ ಮೇಲೇ. ಅದು ಎಂದಿಗಿಂತ ಒಂದು ಗೆರೆ ಕೆಳಗಿತ್ತು. ಮೀಟರ್ ಹಳೆಯದು ಎಂದುಕೊಂಡೆ. ಕಳ್ಳನಿಗೊಂದು ಪಿಳ್ಳೆ ನೆವ ಅಂತಾರಲ್ಲ, ಹಾಗೆ. ಗುಡ್ಡದ ಬುಡದಲ್ಲಿ ಲಾರಿ ತೂಗುವ ಕಟ್ಟೆ ಇದೆಯಲ್ಲ, ಅಲ್ಲಿ ಗಾಡಿ ನಿಲ್ಲಿಸಿದೆ. ಅಲ್ಲಿಂದ ಮುಂದೆ ಒಂಬತ್ತು ಕಿಲೋಮೀಟರ್ ಏರು, ಆಮೇಲೆ ಅಷ್ಟೇ ಇಳಿಜಾರು. ಚೀಟಿ ಬರೆಯುವ ಹೆಂಗಸು ಕಿಟಕಿಯಿಂದ ಏನೋ ಹೇಳಿದಳು. ನನಗೆ ತಿಳಿಯಲಿಲ್ಲ, ತಲೆಯಾಡಿಸಿದೆ. ಅವಳು ಚೀಟಿ ಕೊಡಲಿಲ್ಲ. ಹೊರಗೆ ಬಂದು ನನ್ನ ಬಾಗಿಲ ಹತ್ತಿರವೇ ನಿಂತು ಹೇಳಿದಳು. “ಅಣ್ಣಾ, ಮೊದ್ಲು ಗಾಡಿ ಆಫ್ ಮಾಡಿ. ಒಳಗೆ ಯಾರೋ ಸುತ್ತಿಗೇಲಿ ಹೊಡೀತಿರೋ ಹಾಗಿದೆ. ಆ ತಿರುವಿನಿಂದಾನೇ ಕೇಳಿಸ್ತಾ ಇತ್ತು.”

ಆಫ್ ಮಾಡಿದೆ. ಮಗಳೇ, ನನಗೆ ಏನೂ ಕೇಳಿಸಿರಲಿಲ್ಲ. ಒಂದು ಸದ್ದೂ ಇಲ್ಲ. ಗ್ಯಾರೇಜಿನ ಮೇಸ್ತ್ರಿಯನ್ನು ಕರೆಸಿದೆ. ಅವನು ಒಂದೇ ಒಂದು ಸಲ ಸ್ಟಾರ್ಟ್ ಮಾಡಿ, ಕೂಡಲೇ ನಿಲ್ಲಿಸಿ ನನ್ನ ಮುಖ ನೋಡಿದ. ಅವನಿಗೆ ಕೆಲಸ ಕಲಿಸಿದವನೇ ನಾನು. “ಡಾಕ್ಟ್ರೇ, ಇದು ನಿಮಗೆ ಕೇಳಿಸ್ಲಿಲ್ವಾ?” ಎಂದ. ಕೇಳಿಸಿತ್ತು, ಹೇಗೋ ಮನೆ ಮುಟ್ಟಿಸೋಣ ಅಂತಿದ್ದೆ ಎಂದು ಸುಳ್ಳು ಹೇಳಿದೆ. ತುಂಬಿದ ಗಾಡಿಯನ್ನು ಗುಡ್ಡ ಹತ್ತಿಸಲು ಹೊರಟ ಮೂರ್ಖ ಎಂದುಕೊಂಡರೂ ಸರಿ, ಕಿವುಡ ಎಂದುಕೊಳ್ಳಬಾರದು ಎನ್ನಿಸಿತು ಆ ಗಳಿಗೆಯಲ್ಲಿ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಲೋಡನ್ನು ಬೇರೆ ಗಾಡಿಗೆ ಹಾಕಿಸಿ, ನಮ್ಮದನ್ನು ಎಳೆಸಿಕೊಂಡು ಬಂದೆವು. ಮಂಗಳವಾರ ಮೇಸ್ತ್ರಿ ಎಂಜಿನ್ನಿನ ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿ ಬೇರಿಂಗುಗಳನ್ನು ಒಂದೊಂದಾಗಿ ನನ್ನ ಅಂಗೈ ಮೇಲೆ ಇಟ್ಟ. ಬೆಳ್ಳಿಯ ಹಾಗಿರಬೇಕಾದ ಮೈಯೆಲ್ಲ ಸವೆದು ಕೆಂಪಗೆ ತಾಮ್ರ ಕಾಣುತ್ತಿತ್ತು. ನಾಲ್ಕನೆಯದರಲ್ಲಿ ತಾಮ್ರವೂ ಅರ್ಧ ಹೋಗಿತ್ತು. ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪು ಅಡಿಭಾಗದಲ್ಲಿ ಬೆರಳುದ್ದ ಬಿರಿದಿತ್ತು. ಮೇಲಿನಿಂದ ನೋಡಿದರೆ ಕಾಣುವ ಹಾಗೇ ಇರಲಿಲ್ಲ. ಎಷ್ಟು ತಿಂಗಳಿಂದ ಧೂಳು ಕುಡಿಯುತ್ತಿತ್ತೋ ಪಾಪ. ನಿನ್ನ ಬಾಟಲಿ ಹೇಳಿದ ಎರಡೂ ಮಾತು ನಿಜವಾಗಿತ್ತು. ಆ ಬೇರಿಂಗುಗಳ ನಡುವೆ ತಿರುಗುವ ಕ್ರ್ಯಾಂಕ್ ದಂಡ ಉಳಿದುಕೊಂಡಿದೆ, ಅಳತೆ ಮಾಡಿಸಿ ನೋಡಿದೆವು. ಗುಡ್ಡದ ಮೇಲೆ ಪಿಸ್ಟನ್ ರಾಡು ಮುರಿದು ಎಂಜಿನ್ ನಿಂತಿದ್ದರೆ ತುಂಬಿದ ಗಾಡಿ ಎಲ್ಲಿಗೆ ಉರುಳುತ್ತಿತ್ತೋ.

ನಿನ್ನೆ ಯಾರಿಗೂ ಹೇಳದೆ ಕಿವಿಯ ಡಾಕ್ಟರ ಹತ್ತಿರ ಹೋಗಿದ್ದೆ. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿಸಿದಾಗ ಗುಂಡಿ ಒತ್ತಿ ಎಂದರು. ನಾನು ಗುಂಡಿ ಹಿಡಿದುಕೊಂಡು ಕಾದೆ, ಕಾದೆ. ಇನ್ನೂ ಶುರು ಮಾಡಿಲ್ಲವೇನೋ ಎಂದುಕೊಂಡು ಕಣ್ಣೆತ್ತಿದರೆ ಆ ಕಡೆಯ ಹುಡುಗಿ ಕಾಗದದ ಮೇಲೆ ಆಗಲೇ ಅರ್ಧ ಗೆರೆ ಎಳೆದಿದ್ದಳು. ಎರಡೂ ಕಿವಿ ಹೋಗಿವೆಯಂತೆ. ಒಂದೇ ಸಲಕ್ಕೆ ಅಲ್ಲ, ವರ್ಷ ವರ್ಷ ಸ್ವಲ್ಪ ಸ್ವಲ್ಪ. ಮೂವತ್ತು ವರ್ಷ ಎಂಜಿನ್ ಪಕ್ಕ ಕೂತದ್ದರ ಫಲ. ಕಿವಿಗೆ ಮಿಷನ್ ಹಾಕಿಕೊಂಡರೆ ತಕ್ಕಮಟ್ಟಿಗೆ ಕೇಳಿಸುತ್ತದೆ, ಅಲ್ಲಿಯವರೆಗೆ ಗಾಡಿ ಓಡಿಸಬೇಡಿ ಎಂದರು. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಎದುರಿಗೆ ಕೂತು, ನಾನು ಕರೆದರೂ ನೀವು ಬೇಕೆಂದೇ ಸುಮ್ಮನಿರುತ್ತೀರಿ ಅಂತ ಎರಡು ವರ್ಷದಿಂದ ಸಿಟ್ಟಾಗಿದ್ದೆ ಎಂದಳು. ಆಮೇಲೆ ನನ್ನ ಜೇಬಿನಲ್ಲಿದ್ದ ಲಾರಿಯ ಎರಡನೇ ಕೀಲಿ ಇಸಿದುಕೊಂಡು ಬೀರುವಿನಲ್ಲಿಟ್ಟಳು. ಬೆಳಿಗ್ಗೆಯಿಂದ ಜೇಬು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೇನೆ. ಡ್ರೈವರ್ ಅಲ್ಲದಿದ್ದರೆ ನಾನು ಯಾರು ಎನ್ನುವುದು ಈ ವಯಸ್ಸಿನಲ್ಲಿ ಹೊಳೆಯುತ್ತಿಲ್ಲ. ಮಿಷನ್ ಹಾಕಿಕೊಂಡರೂ ಎಂಜಿನ್ನಿನ ಸಣ್ಣ ಸದ್ದು ಸಿಗದಿದ್ದರೆ? ಇದನ್ನೇ ಯೋಚಿಸುತ್ತ ಕೂತಿದ್ದೇನೆ.

ಮೇಸ್ತ್ರಿ ಹೊಸ ಬೇರಿಂಗ್, ಹೊಸ ಪೈಪು ಹಾಕುತ್ತಿದ್ದಾನೆ. ಸ್ವಲ್ಪ ಓಡಿಸಿ ಅವನೇ ಬಾಟಲಿ ತುಂಬಿ ಕಳಿಸುತ್ತಾನೆ, ವರದಿ ಬಂದ ಕೂಡಲೇ ತಿಳಿಸುತ್ತೇನೆ. ನೀನು ಗಾಬರಿಯಾಗಿ ರಜೆ ಹಾಕಿ ಓಡಿ ಬರಬೇಡ. ಗಣಿಯಲ್ಲಿ ಕಿವಿ ಮುಚ್ಚುವ ಸಾಧನ ಕೊಟ್ಟಿದ್ದರೆ ತಪ್ಪದೆ ಹಾಕಿಕೋ, ಇದು ಅಪ್ಪನ ಆಜ್ಞೆ. ಅಮ್ಮ ನಿನ್ನನ್ನು ಬಹಳ ಕೇಳಿದಳೆಂದು ಬರೆಯಲು ಹೇಳುತ್ತಿದ್ದಾಳೆ. ನೂರು ಕಾಲ ಸುಖವಾಗಿ ಬಾಳು ತಾಯಿ.

ನಿನ್ನ,
ಅಪ್ಪ

ಕಾಗದ ಮಡಿಸಿದವನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಹೋದ ತಿಂಗಳು ಫೋನಿನಲ್ಲಿ ನೀನು ತುಂಬ ಹೊತ್ತು ಏನೋ ಹೇಳಿದೆ. ಕೊನೆಯಲ್ಲಿ ಅತ್ತ ಹಾಗಿತ್ತು. ನಾನು ಎಲ್ಲ ತಿಳಿದವನ ಹಾಗೆ, “ಆಯ್ತು ಬಿಡು ಮಗಳೇ, ಆಗೋದೆಲ್ಲ ಒಳ್ಳೇದಕ್ಕೇ” ಎಂದುಬಿಟ್ಟೆ. ನೀನು ಫೋನ್ ಇಟ್ಟುಬಿಟ್ಟೆ. ಆವತ್ತು ನೀನು ಹೇಳಿದ್ದರಲ್ಲಿ ನನಗೆ ಒಂದು ಮಾತೂ ಕೇಳಿಸಿರಲಿಲ್ಲ. ಅಮ್ಮನಿಗೂ ನೀನು ಅದನ್ನು ಹೇಳಿದ ಹಾಗಿಲ್ಲ. ಅದೇನು ಅಂತ ಪೂರ್ತಿ ಬರೆದು ಕಳಿಸು. ಓದುತ್ತೇನೆ, ಕಣ್ಣು ಇನ್ನೂ ಚೆನ್ನಾಗಿದೆ.