ಹಾಸಿಗೆ ಒಪ್ಪವಾಗಿದ್ದ ಕಾರಣ ಅತಿಥಿ ಇರಲಿಲ್ಲ

ನಗರದ ನಟ್ಟನಡುವಿನ ದೊಡ್ಡ ಹೋಟೆಲಿನ ಜನರಲ್ ಮ್ಯಾನೇಜರ್ ಅವರಿಗೆ,

ಮಾನ್ಯರೇ,

ನಿಮ್ಮ ಒಂಬತ್ತನೇ ಮಹಡಿಯ ಕೋಣೆಯಲ್ಲಿ ನನ್ನ ಅತ್ತೆ ಇದ್ದರು. ಇದನ್ನು ಮೊದಲ ಸಾಲಿನಲ್ಲೇ ಬರೆಯುತ್ತಿದ್ದೇನೆ, ಯಾಕೆಂದರೆ ನಮ್ಮ ನಿಮ್ಮ ಜಗಳ ಇರುವುದೇ ಅಲ್ಲಿ. ಅವರು ಇರಲಿಲ್ಲ ಎಂದು ನಿಮ್ಮ ಹೋಟೆಲ್ ತೀರ್ಮಾನಿಸಿತು, ಅವರು ಒಳಗಿರುವಾಗಲೇ ಕೋಣೆಯನ್ನು ಇನ್ನೊಬ್ಬರಿಗೆ ಕೊಟ್ಟಿತು, ಆಮೇಲೆ ಅವರನ್ನು ಕೆಲಸದವರ ಲಿಫ್ಟಿನಲ್ಲಿ ನೆಲಮಾಳಿಗೆಗೆ ಕಳಿಸಿತು. ನಾನು ದೂರು ಕೊಟ್ಟೆ, ತಾವು ಉತ್ತರ ದಯಪಾಲಿಸಿದಿರಿ. ಆ ಉತ್ತರದ ನಡುವೆ ಹೀಗೊಂದು ಸಾಲಿದೆ: “ಇಂತಹ ಗೊಂದಲ ತಪ್ಪಿಸಲು, ಅತಿಥಿಗಳು ತಮ್ಮ ವಾಸ್ತವ್ಯದ ಕುರುಹುಗಳನ್ನು ಕೋಣೆಯಲ್ಲಿ ಎದ್ದು ಕಾಣುವಂತೆ ಬಿಡಬೇಕಾಗಿ ವಿನಂತಿ.” ಇಷ್ಟು ಸೊಗಸಾದ ವಾಕ್ಯವನ್ನು ನಾನೊಬ್ಬಳೇ ಓದಿ ಮುಚ್ಚಿಡುವುದು ನ್ಯಾಯವಲ್ಲ ಅನ್ನಿಸಿತು. ಅದಕ್ಕೇ ಈ ಪತ್ರವನ್ನು ನಿಮಗಷ್ಟೇ ಕಳಿಸದೆ ಪತ್ರಿಕೆಗೂ ಕೊಟ್ಟಿದ್ದೇನೆ.

ಆ ಕುರುಹುಗಳು ಯಾವುವು ಎಂದು ಸ್ವಲ್ಪ ಬಿಡಿಸಿ ಹೇಳುತ್ತೀರಾ? ನನ್ನ ಅತ್ತೆ ಒದ್ದೆ ಟವೆಲನ್ನು ನೆಲಕ್ಕೆ ಎಸೆಯಬೇಕಿತ್ತೇ? ಕನ್ನಡಿಯ ಮೇಲೆ ಪೇಸ್ಟಿನ ನೊರೆ ಹಾರಿಸಬೇಕಿತ್ತೇ? ಅರ್ಧ ತಿಂದ ಹಣ್ಣನ್ನು ಮಂಚದ ಕೆಳಗೆ ಉರುಳಿಸಿ, ದಿಂಬನ್ನು ಟಿವಿಯ ಮೇಲೆ ಒರಗಿಸಿದ್ದರೆ ನಿಮ್ಮ ಕಣ್ಣಿಗೆ ಅವರು ಮನುಷ್ಯರಾಗಿ ಕಾಣುತ್ತಿದ್ದರೇ? ನೀವು ಮೇಜಿನ ಮೇಲೆ ಇಟ್ಟಿರುವ ಚೆಂದದ ಕಾರ್ಡಿನಲ್ಲಿ “ಇದನ್ನು ನಿಮ್ಮ ಮನೆಯೆಂದೇ ಭಾವಿಸಿ” ಎಂದು ಬರೆದಿದೆ. ಅತ್ತೆ ಅದನ್ನು ಗಟ್ಟಿಯಾಗಿ ಎರಡು ಸಲ ಓದಿದರು. ಹೋಟೆಲ್ ಕಟ್ಟಿದ ದಿನದಿಂದ ಆ ಮಾತನ್ನು ನಂಬಿ ನಡೆದುಕೊಂಡ ಅತಿಥಿ ಅವರೊಬ್ಬರೇ ಇರಬೇಕು.

ಅತ್ತೆ ಯಾರು ಎಂಬುದನ್ನು ಹೇಳಿಬಿಡುತ್ತೇನೆ. ನಿಮ್ಮ ಹೋಟೆಲಿನ ಹಿಂದಿನ ಬೀದಿಯ ಆಸ್ಪತ್ರೆಯಲ್ಲಿ ಅವರು ಆಯಾ ಆಗಿದ್ದರು. ಮದುವೆಗೆ ಮೊದಲೇ ಸೇರಿದವರು, ಈಚೆಗೆ ನಿವೃತ್ತರಾದರು. ರೋಗಿ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಹಾಸಿಗೆಯ ಬಟ್ಟೆ ಬದಲಿಸಿ, ಒಂದು ಸುಕ್ಕೂ ಇಲ್ಲದಂತೆ ಮೂಲೆ ಬಿಗಿದು ನಿಲ್ಲುವುದು ಅವರ ಕೆಲಸವಾಗಿತ್ತು. ವಾರ್ಡಿನ ಕಿಟಕಿಯಿಂದ ನೋಡಿದರೆ ನಿಮ್ಮ ಕಟ್ಟಡ ಕಾಣುತ್ತದೆ. ಬೇರೆಯವರು ಅದರ ದೀಪ ನೋಡುತ್ತಿದ್ದರಂತೆ, ಗಾಜು ನೋಡುತ್ತಿದ್ದರಂತೆ. ಇವರು ಮಾತ್ರ “ಅಷ್ಟು ಕಿಟಕಿ ಇದಾವೆ, ಅಷ್ಟೂ ಹಾಸಿಗೆ ಯಾರು ಹಾಸ್ತಾರೋ ಪಾಪ” ಅನ್ನುತ್ತಿದ್ದರಂತೆ.

ನಿವೃತ್ತಿಯ ದಿನ ನನ್ನ ಗಂಡ ಕೇಳಿದರು, “ಅಮ್ಮ, ಏನು ಬೇಕು ಹೇಳು.”

“ನನಗೇನ್ ಬೇಕಪ್ಪ, ಎಲ್ಲ ಇದೆ. ಒಂದೇ ಒಂದು ದಿನ, ಎದ್ದ ಹಾಸಿಗೆ ಹಾಗೇ ಬಿಟ್ಟು ಹೋಗ್ಬೇಕು ಅಂತ ಆಸೆ.”

“ಮನೇಲೇ ಬಿಡಿ ಅತ್ತೆ, ಯಾರು ಬೇಡ ಅಂದ್ರು?” ಅಂದೆ ನಾನು.

“ಮನೇಲಿ ಬಿಟ್ರೆ ನೀನು ಹಾಸ್ತೀಯ. ಅದು ಬಿಟ್ಟ ಹಾಗಾಯ್ತಾ?”

ಹೀಗಾಗಿ ನಾವು ನಿಮ್ಮಲ್ಲಿಗೆ ಬಂದೆವು. ಅತ್ತೆ ಮತ್ತು ನಾನು, ಎರಡು ರಾತ್ರಿಗೆ. ಅತ್ತೆ ಸೊಸೆ ಒಂದೇ ಕೋಣೆಯಲ್ಲಿ ಎರಡು ರಾತ್ರಿ ಅಂದಾಗ ನನ್ನ ಗಂಡನಿಗೆ ನಮ್ಮಿಬ್ಬರಿಗಿಂತ ಹೋಟೆಲಿನ ಬಗ್ಗೆಯೇ ಚಿಂತೆ ಹತ್ತಿತ್ತು. ಆದರೆ ಜಗಳ ಆದದ್ದು ಬಾಗಿಲಲ್ಲಿ, ಅದೂ ನಿಮ್ಮ ದ್ವಾರಪಾಲಕರ ಜೊತೆ. ಅವರು ಅತ್ತೆಯ ಬ್ಯಾಗು ಎಳೆದರು, ಇವರು ಬಿಡಲಿಲ್ಲ. “ನಿಮಗ್ಯಾಕೆ ತೊಂದರೆ, ಬೆನ್ನು ನೋವು ಬರುತ್ತೆ” ಅಂದರು. ಕೊನೆಗೆ ಇಬ್ಬರೂ ಒಂದೊಂದು ಹಿಡಿ ಹಿಡಿದುಕೊಂಡು ಒಳಗೆ ಬಂದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹುಟ್ಟಿದಾಗಿನಿಂದ ಕೇಳಿಸಿಕೊಂಡ ಜೀವ ಅದು. ನಿಮ್ಮ ಕೋಣೆಯ ಎರಡು ಹಾಸಿಗೆಗಳೋ, ಒಂದೊಂದೂ ಮೂವರು ಮಲಗಿ ನಾಲ್ಕನೆಯವರನ್ನು ಕರೆಯುವಷ್ಟು ಅಗಲ. ತಮ್ಮದರಲ್ಲಿ ಅತ್ತೆ ಒಂದು ಅಂಚಿಗೆ ಮುದುಡಿ ಮಲಗಿದರು, ಉಳಿದ ಭಾಗ ಹಾಳಾಗಬಾರದು ಎಂಬಂತೆ.

ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು. ಮರುದಿನ ಬೆಳಿಗ್ಗೆ ನನ್ನ ಶಿಷ್ಯೆಯೊಬ್ಬಳಿಗೆ ಲೈಸೆನ್ಸ್ ಪರೀಕ್ಷೆ ಇತ್ತು. ಅವಳನ್ನು ಕರೆದುಕೊಂಡು ಹೋಗಿ ಬೇಗ ಬಂದುಬಿಡುವೆ ಎಂದು ಹೊರಟೆ. ಹೋಗುವ ಮುಂಚೆ ಬೆರಳೆತ್ತಿ ಹೇಳಿದೆ, “ಅತ್ತೆ, ಹಾಸಿಗೆ ಮುಟ್ಟಬಾರದು.” “ಮುಟ್ಟಲ್ಲ ಹೋಗಮ್ಮ, ಮಕ್ಕಳಿಗೆ ಹೇಳಿದ ಹಾಗೆ ಹೇಳ್ತೀಯ” ಅಂದರು. ನಾನು ಲಿಫ್ಟ್ ಹತ್ತುವವರೆಗೂ ಮುಟ್ಟಲಿಲ್ಲವಂತೆ. ಆಮೇಲೆ ಯಾರೋ ಹೆಣ್ಣುಮಗಳು ಬಂದು ಬಗ್ಗಬೇಕಲ್ಲ ಅನ್ನಿಸಿ, ತಮ್ಮ ಹಾಸಿಗೆ ಸರಿ ಮಾಡಿದರು. ಒಂದು ಮಾಡಿ ಇನ್ನೊಂದು ಬಿಟ್ಟರೆ ಕೆಟ್ಟದಾಗಿ ಕಾಣುತ್ತದೆಂದು ನನ್ನದನ್ನೂ ಮಾಡಿದರು. ಅಲ್ಲಿಂದ ಮೇಜು, ಕಿಟಕಿ, ವಾಶ್‌ಬೇಸಿನ್. ನಮ್ಮ ಬಟ್ಟೆಬರೆ, ನನ್ನ ಚಪ್ಪಲಿ, ಅವರ ಫೋನು, ಮಾತ್ರೆ ಎಲ್ಲವೂ ಬ್ಯಾಗಿಗೆ ಹೋದವು, ಬ್ಯಾಗು ಬೀರುವಿನೊಳಗೆ ಹೋಯಿತು. ಗೋಡೆಯ ಗೂಡಿಗೆ ಸಿಕ್ಕಿಸಿದರಷ್ಟೇ ದೀಪ ಉರಿಸುವ ಬಾಗಿಲಿನ ಕಾರ್ಡು ನನ್ನ ಜೇಬಿನಲ್ಲಿ ಇದ್ದದ್ದರಿಂದ ನಿಮ್ಮ ದೀಪಗಳೂ ಆರಿದ್ದವು. ಅತ್ತೆ ಬಚ್ಚಲಿನ ನೆಲ ಒರೆಸುತ್ತಿದ್ದಾಗ ನಿಮ್ಮವರು ಯಾರೋ ಬಾಗಿಲು ತೆಗೆದು, ಒಳಗೆ ಇಣುಕಿ, “ಆಯ್ತಾ?” ಎಂದು ಕೇಳಿದರಂತೆ. ಅತ್ತೆ ಒಳಗಿನಿಂದಲೇ “ಆಯ್ತು” ಅಂದರಂತೆ.

ಬಾಗಿಲು ಮುಚ್ಚಿತು. ಎರಡು ರಾತ್ರಿಗೆ ಬಂದ ನಾವು ಒಂದೇ ರಾತ್ರಿಗೆ ಹೊರಟುಹೋದೆವೆಂದು ನಿಮ್ಮ ಕಂಪ್ಯೂಟರಿಗೆ ಸುದ್ದಿ ಮುಟ್ಟಿತು. ಯಾರೂ ಬಾಗಿಲು ತಟ್ಟಲಿಲ್ಲ, ಯಾರೂ ಬೀರು ತೆಗೆಯಲಿಲ್ಲ, ಯಾರೂ ನನಗೊಂದು ಫೋನು ಮಾಡಲಿಲ್ಲ.

ಸ್ವಲ್ಪ ಹೊತ್ತಿಗೆ ಕೋಟು ಹಾಕಿದ ಸಾಹೇಬರೊಬ್ಬರು ಹೊಸ ಕಾರ್ಡು ಹಿಡಿದು ಒಳಗೆ ಬಂದರು. ಅವರ ತಪ್ಪೇನೂ ಇಲ್ಲ. ಕೈಯಲ್ಲಿ ಬಟ್ಟೆ ಹಿಡಿದು ನಿಂತ, ಬೂದು ಬಣ್ಣದ ಉಡುಪಿನ ಹೆಂಗಸನ್ನು ಕಂಡು ಯಾರಾದರೂ ಏನು ತಿಳಿಯುತ್ತಾರೆ? ಬೂದು ಬಣ್ಣಕ್ಕೆ ಕೊಳೆ ಕಾಣುವುದಿಲ್ಲ ಎಂದು ಅತ್ತೆ ಈ ಪ್ರಯಾಣಕ್ಕೆಂದೇ ಹೊಲಿಸಿಕೊಂಡಿದ್ದರು. ನಿಮ್ಮ ಕೆಲಸದವರ ಸಮವಸ್ತ್ರವೂ ಬೂದು, ಬಹುಶಃ ಅದೇ ಕಾರಣಕ್ಕೆ.

“ಇನ್ನೂ ಕ್ಲೀನಿಂಗ್ ಮುಗಿದಿಲ್ವಾ?” ಅಂದರು ಸಾಹೇಬರು.

“ಮುಗೀತು ಸಾರ್, ಈಗಷ್ಟೇ.”

“ಈ ದಿಂಬು ತುಂಬ ಮೆತ್ತಗಿದೆ. ಗಟ್ಟಿಯಾದ್ದು ಒಂದು ತಂದುಕೊಡಿ.”

ಅತ್ತೆ ದಿಂಬು ತರಲು ಹೊರಟರು. ಗಮನಿಸಿ ಮಾನ್ಯರೇ, ಅವರು ಗಾಬರಿಯಾಗಲಿಲ್ಲ, ವಾದಿಸಲಿಲ್ಲ. ಮಲಗಿದವರು ದಿಂಬು ಕೇಳಿದರೆ ತರುವುದು ಅವರ ಮೂಳೆಗೆ ಹತ್ತಿದ ಅಭ್ಯಾಸ. ಬಾಗಿಲು ತಾನಾಗಿ ಹಿಂದಿನಿಂದ ಮುಚ್ಚಿಕೊಂಡಿತು. ಲಿಫ್ಟಿನ ಹತ್ತಿರ ನಿಮ್ಮ ಮಹಡಿಯ ಮೇಲ್ವಿಚಾರಕರು ಸಿಕ್ಕರು. “ಹೊಸಬ್ರಾ? ಗೆಸ್ಟ್ ಲಿಫ್ಟ್ ಹತ್ರ ನಿಲ್ಲಬಾರದು ಅಂತ ಹೇಳಿಲ್ವಾ? ದಿಂಬು ಕೆಳಗೆ ಸಿಗುತ್ತೆ, ನಡೀರಿ” ಎಂದು ಹಿಂದಿನ ಲಿಫ್ಟಿಗೆ ಹತ್ತಿಸಿದರು. ತಲೆಯಿಂದ ಕಾಲಿನವರೆಗೆ ನೋಡಿ ಮನುಷ್ಯರನ್ನು ಅಳೆಯುವ ಈ ತರಬೇತಿ ಎಷ್ಟು ವಾರದ್ದು? ನಮ್ಮ ಡ್ರೈವಿಂಗ್ ಸ್ಕೂಲಿನಲ್ಲಿ ಕನ್ನಡಿ ನೋಡಲು ಕಲಿಸುವುದಕ್ಕೇ ಅದಕ್ಕಿಂತ ಹೆಚ್ಚು ಕಾಲ ಬೇಕು.

ನಾನು ವಾಪಸು ಬಂದಾಗ ನನ್ನ ಕಾರ್ಡಿಗೆ ಬಾಗಿಲು ಕೆಂಪು ದೀಪ ತೋರಿಸಿತು. ತಟ್ಟಿದೆ. ನಿಮ್ಮ ಬಿಳಿ ನಿಲುವಂಗಿ ತೊಟ್ಟ ಅಪರಿಚಿತ ಸಾಹೇಬರು ತೆರೆದರು. ಒಳಗೆ ಅತ್ತೆ ಇರಲಿಲ್ಲ. ಕೆಳಗೆ ಓಡಿದೆ.

“ಆ ರೂಮ್ ಖಾಲಿಯಾಗಿ ಬೇರೆಯವರಿಗೆ ಕೊಟ್ಟಾಗಿದೆ ಮೇಡಂ” ಅಂದರು ಕೌಂಟರಿನವರು.

“ಖಾಲಿ ಅಂದ್ರೆ? ನಮ್ಮತ್ತೆ ಅಲ್ಲೇ ಇದ್ರಲ್ರೀ!”

“ಇಲ್ಲ ಮೇಡಂ, ಚೆಕ್ ಮಾಡಿದೀವಿ. ರೂಮ್ ಕ್ಲೀನಾಗಿತ್ತು.”

“ಕ್ಲೀನಾಗಿದ್ರೆ ಒಳಗೆ ಯಾರೂ ಇಲ್ಲ ಅಂತಾನಾ?”

“ಸಾಮಾನ್ಯವಾಗಿ ಹೌದು ಮೇಡಂ.”

ನಾನು ಕಲಿಸುವ ಕಾರಿನಲ್ಲಿ ನನ್ನ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಶಿಷ್ಯರು ತಪ್ಪಿದಾಗ ನಾನು ತುಳಿಯುತ್ತೇನೆ. ಆ ಹೊತ್ತು ನಿಮ್ಮ ಅಮೃತಶಿಲೆಯ ಕೌಂಟರಿನ ಕೆಳಗೆ ನನ್ನ ಕಾಲು ಬ್ರೇಕ್ ಹುಡುಕುತ್ತಿತ್ತು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಅತ್ತೆಗೆ ಸಕ್ಕರೆ ಕಾಯಿಲೆ. ಮಾತ್ರೆ ಬ್ಯಾಗಿನಲ್ಲಿ, ಬ್ಯಾಗು ಬೀರುವಿನಲ್ಲಿ, ಬೀರು ಸಾಹೇಬರ ಸುಪರ್ದಿನಲ್ಲಿ. ಅಷ್ಟು ಕ್ಯಾಮೆರಾಗಳಿರುವ ಕಟ್ಟಡದಲ್ಲಿ ಒಬ್ಬ ಹೆಂಗಸು ಎಲ್ಲಿ ಹೋದರೆಂದು ಯಾರಿಗೂ ಗೊತ್ತಿಲ್ಲ. ಕೊನೆಗೆ ಗಾಡಿ ತಳ್ಳಿಕೊಂಡು ಹೋಗುತ್ತಿದ್ದ ಹೆಂಗಸೊಬ್ಬರು ನನ್ನ ಕೂಗಾಟ ಕೇಳಿ ನಿಂತು, “ಕೆಳಗೆ ಒಬ್ರು ಹೊಸ ಅಮ್ಮ ಬಂದಿದಾರೆ, ಬಟ್ಟೆ ಮಡಿಸ್ತಾ ಕೂತಿದಾರೆ, ಅವರೇನಾ ನೋಡಿ” ಅಂದರು.

ಅವರೇ. ನೆಲಮಾಳಿಗೆಯ ಬಟ್ಟೆ ಕೋಣೆಯಲ್ಲಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ದಿಂಬಿನ ಚೀಲ ಮಡಿಸುತ್ತಿದ್ದರು. ಪಕ್ಕದಲ್ಲಿ ಅರ್ಧ ಕುಡಿದ ಟೀ. ನನ್ನನ್ನು ಕಂಡು, “ಬಂದ್ಯಾ? ಪಾಸಾದಳಾ ಹುಡುಗಿ? ತಡಿ, ಇದೊಂದು ರಾಶಿ ಮುಗಿಸಿಬಿಡ್ತೀನಿ” ಅಂದರು.

“ಅತ್ತೆ! ನೀವು ಗೆಸ್ಟು ಅಂತ ಯಾಕೆ ಹೇಳ್ಲಿಲ್ಲ?”

“ಯಾರೂ ಕೇಳ್ಲಿಲ್ವಲ್ಲಮ್ಮ.”

ಬಟ್ಟೆ ಕೋಣೆ ನೋಡಿಕೊಳ್ಳುವ ಅಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡರು. “ಅಯ್ಯೋ ಗೆಸ್ಟಾ! ಮೂಲೆ ಸರಿಯಾಗಿ ಸೇರಿಸಿ ಅಂತ ಬೈದುಬಿಟ್ನಲ್ಲ!” ಅತ್ತೆ ಅವರ ಕೈ ಹಿಡಿದು, “ನೀವು ಬೈದದ್ದು ಸರಿಯಾಗೇ ಇತ್ತು ಬಿಡಿ, ಆಸ್ಪತ್ರೇಲಿ ಬೇರೆ ಥರ ಮಡಿಸ್ತೀವಿ” ಅಂದರು. ಇಬ್ಬರೂ ನಕ್ಕರು. ನಿಮ್ಮ ಇಡೀ ಹೋಟೆಲಿನಲ್ಲಿ ನನ್ನ ಅತ್ತೆಗೆ ಕೂರಲು ಹೇಳಿ, ಟೀ ಬೇಕಾ ಎಂದು ಕೇಳಿದವರು ಆ ಅಕ್ಕ ಒಬ್ಬರೇ.

ಇಲ್ಲಿಗೆ ಮುಗಿದಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಮೇಲೆ ಬರುವಾಗ, ನಿಮ್ಮ ಗೆಸ್ಟ್ ಲಿಫ್ಟಿನ ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಳ್ಳುತ್ತ ಅತ್ತೆ ಮೆಲ್ಲಗೆ, “ನಾನು ಅಲ್ಲಿದ್ದೆ ಅಂತ ಯಾರಿಗೂ ಗೊತ್ತೇ ಆಗ್ಲಿಲ್ಲ ನೋಡು” ಅಂದರು. ಈ ಸಲ ನಗು ಇರಲಿಲ್ಲ. ನಿಮ್ಮವರು ಹಣ್ಣಿನ ಬುಟ್ಟಿ ತಂದರು, ಇನ್ನೂ ಎತ್ತರದ ಮಹಡಿಯಲ್ಲಿ ಕೋಣೆ ಕೊಡುತ್ತೇವೆ ಅಂದರು. ಅತ್ತೆ, ಸಾಹೇಬರ ಬೀರುವಿನಿಂದ ತರಿಸಿಕೊಂಡ ಬ್ಯಾಗು ಹಿಡಿದುಕೊಂಡು, “ಮನೆಗೆ ಹೋಗೋಣ” ಅಂದರು. ಆಗ ಆ ಬ್ಯಾಗು ಎಳೆಯಲು ಯಾರೂ ಬರಲಿಲ್ಲ.

ಇನ್ನು ತಮ್ಮ ಉತ್ತರ. “ಅವರ ಶಿಸ್ತು ನಮ್ಮ ಸಿಬ್ಬಂದಿಗೂ ಮಾದರಿ” ಎಂದು ಹೊಗಳಿದ್ದೀರಿ. “ಆಸಕ್ತಿಯಿದ್ದಲ್ಲಿ ನಮ್ಮ ತರಬೇತಿ ವಿಭಾಗವನ್ನು ಸಂಪರ್ಕಿಸಬಹುದು” ಎಂದೂ ಸೇರಿಸಿದ್ದೀರಿ. ನನ್ನ ಗಂಡ ಇದನ್ನು ಓದಿ ಮೊದಲು ನಕ್ಕರು, ಆಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಅತ್ತೆ ಕೇಳಿದ್ದು ಇಷ್ಟೇ: “ಅಂದ್ರೆ, ಗೆಸ್ಟಾಗಿ ಬರಬೇಡಿ ಅಂತಾನಾ?” ಇದಕ್ಕೆ ನಾನು ಏನು ಹೇಳಲಿ, ನೀವೇ ತಿಳಿಸಿ. ಪತ್ರದ ಕೊನೆಗೆ “ಹೊರಗಿನವರನ್ನು ಬಟ್ಟೆ ಕೋಣೆಯಲ್ಲಿ ಕೂರಿಸಿಕೊಂಡ ಸಿಬ್ಬಂದಿಯ ಮೇಲೆ ಕ್ರಮ ಜರುಗಿಸಲಾಗುವುದು” ಎಂಬ ಅಭಯವೂ ಇದೆ. ಇಣುಕಿ ನೋಡಿದವರಿಗಲ್ಲ, ಲಿಫ್ಟಿಗೆ ಹತ್ತಿಸಿದವರಿಗಲ್ಲ, ಟೀ ಕೊಟ್ಟವರಿಗೆ! ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬ ಗಾದೆ ಸೊಸೆಯಂದಿರಿಗಾಗಿ ಹುಟ್ಟಿದ್ದು ಎಂದುಕೊಂಡಿದ್ದೆ. ದೊಡ್ಡ ಹೋಟೆಲುಗಳಿಗೂ ಅದು ಒಪ್ಪುತ್ತದೆ.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ಆ ಅಕ್ಕನ ತಂಟೆಗೆ ಹೋಗಬೇಡಿ. ಅತ್ತೆ ಎರಡು ರಾತ್ರಿಯ ಅತಿಥಿ ಎಂದು ನಿಮ್ಮ ಕಂಪ್ಯೂಟರನ್ನು ತಿದ್ದಿ. ಬಾಕಿ ಇರುವ ಒಂದು ರಾತ್ರಿಗೆ ಮುಂದಿನ ಶನಿವಾರ ಬರುತ್ತೇವೆ, ಅದೇ ಕೋಣೆ ಬೇಕು. ಹಣ್ಣಿನ ಬುಟ್ಟಿ ಬೇಡ. ಮತ್ತೆ ಬರಲು ಅತ್ತೆಯನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಕೊನೆಗೆ ಅವರು ಒಪ್ಪಿದ್ದು, ಕೋಣೆಗೆ ಬರುವ ಹೆಣ್ಣುಮಗಳನ್ನು ಮೊದಲು ಕೂರಿಸಿ ಮಾತಾಡಿಸುತ್ತೇನೆ ಎಂಬ ಷರತ್ತಿನ ಮೇಲೆ. ಮನೆಯಲ್ಲಿ ದಿನಾ ಬೆಳಿಗ್ಗೆ ಅಭ್ಯಾಸ ನಡೆದಿದೆ. ಹೊದಿಕೆ ಕೆದರಿಬಿಟ್ಟು ಅಡುಗೆಮನೆಯವರೆಗೆ ಹೋಗುತ್ತಾರೆ, ನೀರು ಕುಡಿದು ಮೆಲ್ಲಗೆ ರಿವರ್ಸ್ ಬರುತ್ತಾರೆ. ಇಂಥ ಶಿಷ್ಯರನ್ನು ನಾನು ಕಂಡಿಲ್ಲ.

ಭಾನುವಾರ ಬೆಳಿಗ್ಗೆ ನಿಮ್ಮವರು ಬಾಗಿಲು ತಟ್ಟಲಿ. ತಟ್ಟಿ, ಒಳಗಿನಿಂದ “ಯಾರು?” ಎಂದು ಕೇಳುವವರೆಗೆ ಹೊರಗೇ ನಿಲ್ಲಲಿ. ಹಾಸಿಗೆ ಕೆದರಿರುತ್ತದೆ, ಅದಕ್ಕೆ ನನ್ನ ಕೈಲಾದಷ್ಟು ಪ್ರಯತ್ನ ಮಾಡುತ್ತೇನೆ. ಅದನ್ನು ನೋಡಿ ಒಳಗೆ ಒಬ್ಬರು ಇದ್ದಾರೆಂದು ನಂಬಿ. ಅಕಸ್ಮಾತ್ ಕೆದರಿರದಿದ್ದರೂ ನಂಬಿ.

ಇಂತಿ,
ಹಾಸಿಗೆ ಪರೀಕ್ಷೆಯಲ್ಲಿ ಈ ಹೊಸ ಶಿಷ್ಯೆ ಪಾಸಾಗುವ ಭರವಸೆ ಅಷ್ಟಾಗಿ ಇಲ್ಲದ ಡ್ರೈವಿಂಗ್ ಟೀಚರ್,
ನಿಮ್ಮ ಕಂಪ್ಯೂಟರಿನ ಪ್ರಕಾರ ಬೇಗ ಹೊರಟುಹೋದ ಅತಿಥಿಯ ಸೊಸೆ