ಏಳು ಕಾಳು ಜೋಳ ಮತ್ತು ನಿಮ್ಮ ಜಾಣ ಇಲಿ

ವಿಮಾನ ವಸ್ತುಸಂಗ್ರಹಾಲಯದ ಮಾನ್ಯ ನಿರ್ದೇಶಕರೇ,

ನಿಮ್ಮಲ್ಲಿರುವ ಹಳೆಯ ಎರಡು ಎಂಜಿನ್ನಿನ ವಿಮಾನದ ಬಾಲದಿಂದ ನೀವು ಬಿಚ್ಚಿ ಎಸೆಯಲು ಹೊರಟಿರುವ ಬಟ್ಟೆಯನ್ನು ಹೊಲಿದವರಲ್ಲಿ ನನ್ನ ಅಜ್ಜಿ ಸೀತವ್ವ ಒಬ್ಬಳು. ಎಸೆಯಬೇಡಿ ಎಂದು ಎರಡು ಸಲ ಅರ್ಜಿ ಕೊಟ್ಟೆ. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ, ಸಾರ್ವಜನಿಕರ ಸಲಹೆಗಳಿಗೆ ಸದಾ ಸ್ವಾಗತ ಎಂಬ ಉತ್ತರ ಬಂತು. ಆ ಸ್ವಾಗತಕ್ಕೆ ಮನಸೋತು ಮೂರನೆಯದನ್ನು ಸಾರ್ವಜನಿಕವಾಗಿಯೇ ಬರೆಯುತ್ತಿದ್ದೇನೆ.

ವಿಮಾನದ ಮುಂದಿನ ಫಲಕವನ್ನು ಶ್ರದ್ಧೆಯಿಂದ ಓದಿದ್ದೇನೆ. ರೆಕ್ಕೆಯ ಉದ್ದ, ಎಂಜಿನ್ನಿನ ಅಶ್ವಶಕ್ತಿ, ಯಾವ ದೊಡ್ಡವರು ಯಾವ ಆಸನದಲ್ಲಿ ಕುಳಿತಿದ್ದರು, ಎಲ್ಲವೂ ಇದೆ. ಮಂತ್ರಿಗಳೊಬ್ಬರು ಅದರೊಳಗೆ ಚಹಾ ಕುಡಿದದ್ದೂ ದಾಖಲಾಗಿದೆ. ಕೊನೆಗೊಂದು ಸಾಲು: "೧೯೬೧ರಲ್ಲಿ ಹುಕ್ಕೇರಿ ತಾಲೂಕಿನ ಹೊಲವೊಂದರಲ್ಲಿ ತುರ್ತಾಗಿ ಇಳಿದು, ಸ್ಥಳೀಯ ನೆರವಿನಿಂದ ಮತ್ತೆ ಹಾರಿತು." ಸ್ಥಳೀಯ ನೆರವು. ನಮ್ಮಜ್ಜಿಗೆ ಎಂಥ ಚೆಂದದ ಹೆಸರಿಟ್ಟಿದ್ದೀರಿ. ರೇಷನ್ ಕಾರ್ಡಿನಲ್ಲಿ ಇನ್ನೂ ಸೀತವ್ವ ಎಂದೇ ಇದೆ, ತಿದ್ದಿಸಬೇಕೇ?

ಆ ನೆರವು ಏನೆಂದು ಹೇಳುತ್ತೇನೆ. ಬೆಲ್ಲದ ಬಾಗೇವಾಡಿಯ ಗುರುಲಿಂಗಪ್ಪನವರ ಹೊಲದಲ್ಲಿ ಆಗಷ್ಟೇ ಜೋಳದ ಕೊಯ್ಲು ಮುಗಿದಿತ್ತು. ವಿಮಾನ ಅಲ್ಲಿ ಇಳಿದು, ಓಡಿ, ಬದುವಿನ ಜಾಲಿ ಮರಕ್ಕೆ ಬಾಲ ತಗುಲಿಸಿಕೊಂಡು ನಿಂತಿತು. ಬಾಲದ ಚುಕ್ಕಾಣಿಗೆ ಹೊದಿಸಿರುವುದು ತಗಡಲ್ಲ, ಬಟ್ಟೆ. ಇದು ನಿಮಗೆ ಗೊತ್ತು, ಓದುವವರಿಗಾಗಿ ಹೇಳಿದೆ. ಆ ಬಟ್ಟೆ ಉದ್ದಕ್ಕೂ ಹರಿದಿತ್ತು. ವಿಮಾನದ ಜೊತೆಗಿದ್ದ ಮೆಕ್ಯಾನಿಕನ ಪೆಟ್ಟಿಗೆಯಲ್ಲಿ ಬಟ್ಟೆಗೆ ಬಳಿಯುವ ಬಣ್ಣವಿತ್ತು, ಬಟ್ಟೆಯಿರಲಿಲ್ಲ, ಒತ್ತಾಗಿ ಹೊಲಿಯುವ ಕೈಯೂ ಇರಲಿಲ್ಲ. ಗುರುಲಿಂಗಪ್ಪನವರು ಹೊಸ ಧೋತರ ಕೊಟ್ಟರು. ಹೊಲಿಯಲು ನಮ್ಮ ಕೇರಿಯ ಏಳು ಹೆಂಗಸರಿಗೆ ಕರೆ ಬಂತು. ಸುತ್ತಲಿನ ಊರುಗಳಿಗೆಲ್ಲ ಕೌದಿ ಹೊಲಿದು ಕೊಡುತ್ತಿದ್ದವರು ಅವರೇ. ಅಜ್ಜಿಗೆ ಆಗ ಹದಿನೆಂಟು, ಮದುವೆಯಾಗಿ ಒಂದು ವರ್ಷ. ಚುಕ್ಕಾಣಿಯನ್ನು ಬಿಚ್ಚಿಸಿ ಎರಡು ಹೊರಸು ಮಂಚದ ಮೇಲೆ ಮಲಗಿಸಿಕೊಂಡು, ಹಳೆ ಸೀರೆಯ ಕೌದಿಗೆ ಕೂತ ಹಾಗೆ ಸುತ್ತ ಕೂತು ಎರಡು ದಿನ ಹೊಲಿದರು.

ನಮ್ಮ ಮನೆತನದಲ್ಲೊಂದು ಪದ್ಧತಿಯಿದೆ. ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ, ಹೊಲಿದವರು ಎಷ್ಟು ಮಂದಿಯೋ ಅಷ್ಟು ಕಾಳು ಜೋಳವನ್ನು ಒಳಗಿಟ್ಟು ಹೊಲಿಯುತ್ತಾರೆ. ಹೊದ್ದವರ ಹೊಟ್ಟೆ ತುಂಬಿರಲಿ ಎಂದು. ಮೆಕ್ಯಾನಿಕ್ ಊಟಕ್ಕೆ ಹೋದ ಹೊತ್ತಿನಲ್ಲಿ ಅಜ್ಜಿಯ ಅತ್ತೆ ರಾಯವ್ವ ಸೆರಗಿನ ಗಂಟು ಬಿಚ್ಚಿ ಏಳು ಕಾಳು ಇಟ್ಟೇಬಿಟ್ಟಳು. ಕೌದಿಗೂ ವಿಮಾನಕ್ಕೂ ವ್ಯತ್ಯಾಸ ತಿಳಿಯದವರ ತಪ್ಪು, ಒಪ್ಪುತ್ತೇನೆ. ಆದರೆ ಅದೇ ತಪ್ಪನ್ನು ಬಾಲದಲ್ಲಿ ಹೊತ್ತು ಆ ವಿಮಾನ ಮುಂದೆ ಒಂಬತ್ತು ವರ್ಷ ಹಾರಿತು. ಒಳಗಿದ್ದವರ ಚಹಾ ಕೂಡ ಚೆಲ್ಲಲಿಲ್ಲ.

ಹೋದ ತಿಂಗಳು ಎಂಬತ್ತೆರಡರ ಅಜ್ಜಿಯನ್ನು ಘಟಪ್ರಭಾದಲ್ಲಿ ರೈಲು ಹತ್ತಿಸಿ ನಿಮ್ಮಲ್ಲಿಗೆ ಕರೆತಂದೆ. ಅವಳು ರೆಕ್ಕೆಯನ್ನೂ ನೋಡಲಿಲ್ಲ, ಎಂಜಿನ್ನನ್ನೂ ನೋಡಲಿಲ್ಲ. ನೇರ ಬಾಲದ ಕಡೆ ನಡೆದು ಕೈ ಎತ್ತಿದಳು. ನಿಮ್ಮ ಸಿಬ್ಬಂದಿ ಓಡಿ ಬಂದರು.

"ಅಜ್ಜಿ, ಅದನ್ನು ಮುಟ್ಟಬಾರದು."

"ನಾ ಹೊಲ್ದದ್ದು ನಾ ಮುಟ್ಟಬಾರದೇನ್ರಿ?"

"ನಿಯಮ ಅಜ್ಜಿ, ನಾನೇನು ಮಾಡಲಿ?"

"ಆತ್ ಬಿಡ್ರಿ. ದೂರ ನಿಂತ ನೋಡ್ತೀನಿ." ನೋಡುತ್ತ ನಿಂತವಳು ನನ್ನ ಕೈ ಹಿಡಿದಳು. "ಯವ್ವಾ, ಮೂಲಿ ಬಿಚ್ಚ್ಯಾರ. ಕಾಳ ಎಲ್ಲಿ ಹೋದುವು? ಏಳ ಇದ್ದುವು."

ಕಾಳು ಬಾಜೂದಲ್ಲೇ, ಗಾಜಿನ ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಚೀಲದಲ್ಲಿದ್ದವು. ಕೆಳಗೆ ನಿಮ್ಮ ಕಚೇರಿಯ ಬರಹ: "ಚುಕ್ಕಾಣಿಯ ಬಟ್ಟೆಯೊಳಗೆ ಸಿಕ್ಕ ಜೋಳ, ಏಳು ಕಾಳು. ಇಲಿ ಹಾವಳಿಯ ಕುರುಹು." ಅಜ್ಜಿಗೆ ಓದಲು ಬರುವುದಿಲ್ಲ. ಏಳೂ ಇಲ್ಲೇ ಇವೆ ಎಂದಷ್ಟು ಮಾತ್ರ ಹೇಳಿದೆ.

ಗೋಕಾಕ ಕೋರ್ಟಿನಲ್ಲಿ ಹದಿನಾಲ್ಕು ವರ್ಷದಿಂದ ವಕೀಲಿ ಮಾಡುತ್ತಿದ್ದೇನೆ. ಬಗೆಬಗೆಯ ಸಾಕ್ಷಿ ನೋಡಿದ್ದೇನೆ. ಆದರೆ ಕಾಳನ್ನು ಎಣಿಸಿ ತಂದು, ಒಂದಕ್ಕೂ ಹಲ್ಲು ತಾಗಿಸದೆ, ಬಟ್ಟೆಯೊಳಗೆ ಇಟ್ಟು, ಮೂಲೆ ಹೊಲಿದು, ದಾರಕ್ಕೆ ಗಂಟು ಹಾಕಿ, ಮೇಲೆ ಬಣ್ಣವನ್ನೂ ಬಳಿಸಿಕೊಂಡು ಹೋದ ಇಲಿಯನ್ನು ಕಂಡಿಲ್ಲ. ಅಂಥದೊಂದು ನಿಮ್ಮಲ್ಲಿ ನಿಜಕ್ಕೂ ಇದ್ದರೆ ವಿಮಾನವನ್ನು ಬದಿಗೆ ಸರಿಸಿ ಅದನ್ನೇ ಪ್ರದರ್ಶನಕ್ಕಿಡಿ. ಗೋಕಾಕದಿಂದ ಬಸ್ಸು ಮಾಡಿಕೊಂಡು ನೋಡಲು ಬರುತ್ತೇವೆ.

ಮುಂದಿನ ತಿಂಗಳು ಹೊಸ ಬಟ್ಟೆ ಹಾಕಿಸಿ ವಿಮಾನವನ್ನು "ಮೂಲ ಸ್ಥಿತಿ"ಗೆ ತರುತ್ತೀರಂತೆ. ಯಾವ ಮೂಲ? ಕಾರ್ಖಾನೆಯಿಂದ ಹೊರಬಿದ್ದ ದಿನದ್ದೇ? ಹಾಗಾದರೆ ಮಂತ್ರಿಗಳ ಚಹಾವನ್ನೂ ಫಲಕದಿಂದ ಒರೆಸಿಬಿಡಿ, ಅದೂ ಆಮೇಲಿನದೇ. ವ್ಯಂಗ್ಯ ಸಾಕು, ನನಗೆ ಸಿಟ್ಟು ಬಂದಿದೆ. ಹೊಲಿದ ಏಳು ಜನರಲ್ಲಿ ಆರು ಜನ ತೀರಿಕೊಂಡಿದ್ದಾರೆ. ಅವರು ಹೊಲಿದ ಕೌದಿಗಳೆಲ್ಲ ಹೊದ್ದು ಹೊದ್ದು ಹರಿದು ಹೋದವು. ಆ ಏಳು ಜನರ ಕೈಕೆಲಸ ಎಂದು ಈ ಭೂಮಿಯ ಮೇಲೆ ಉಳಿದಿರುವುದು ನಿಮ್ಮ ವಿಮಾನದ ಬಾಲದಲ್ಲಿರುವುದೊಂದೇ.

ಆದ್ದರಿಂದ ಆ ಬಟ್ಟೆ ಇದ್ದಲ್ಲೇ ಇರಬೇಕು, ಇಲಿಯ ಚೀಟಿ ಹೋಗಬೇಕು, ಫಲಕದಲ್ಲಿ ಏಳು ಹೆಸರು ಬರಬೇಕು. ಇಷ್ಟನ್ನು ಬರೆದು ಅಜ್ಜಿಗೆ ಓದಿ ಹೇಳಿದೆ. ಅವಳಿಗೆ ಸಮಾಧಾನವಾಗಲಿಲ್ಲ.

"ಹೆಸರ ಆಮ್ಯಾಲ ನೋಡೂಣು. ಮೊದಲ ಆ ಕಾಳ ತಿರುಗಿ ಒಳಗಿಟ್ಟ ಹೊಲೀರಿ ಅಂತ ಬರಿ. ಅವ್ರಿಗೆ ಹೊಲ್ಯಾಕ ಬರಾಂಗಿಲ್ಲಂದ್ರ ನಾ ಬರ್ತೀನಿ. ಉಳದ ಆರು ಮಂದೀದೂ ನಾನ ಹೊಲೀತೀನಿ."

ಬರೆದಿದ್ದೇನೆ. ದಿನಾಂಕ ತಿಳಿಸಿ, ಕರೆತರುತ್ತೇನೆ. ಸೂಜಿಗೆ ದಾರ ಪೋಣಿಸಿ ಕೊಡಲು ನಾನಿರುತ್ತೇನೆ. ನಿಮ್ಮ ಸಿಬ್ಬಂದಿಗೆ ಮಾತ್ರ ಮೊದಲೇ ಹೇಳಿಡಿ, ಆ ದಿನ ಅವಳು ಬಾಲ ಮುಟ್ಟುತ್ತಾಳೆ.

ಇಂತಿ,
ನಿಮ್ಮ ಏಳು ಇಲಿಗಳಲ್ಲಿ ಉಳಿದಿರುವ ಒಂದರ ಮೊಮ್ಮಗಳು,
ಅನುರಾಧಾ, ವಕೀಲೆ
ಗೋಕಾಕ